ಒಂದು ವರ್ಷದ ಲೈಸೆನ್ಸು, ಇಡೀ ರಾತ್ರಿಯ ಹೊಣೆ

ರಾತ್ರಿ ಹನ್ನೊಂದಕ್ಕೆ ಪಾಳಿ ಬದಲಾಗುವಾಗ ಮೊದಲು ನಡೆಯುವುದು ಎಣಿಕೆ. ಹೊರಡುವ ನರ್ಸೂ ಬಂದ ನರ್ಸೂ ಔಷಧದ ಗಾಡಿಯ ಮುಂದೆ ನಿಲ್ಲುತ್ತಾರೆ. ಬೀಗ ಹಾಕಿದ ಡ್ರಾಯರಿನೊಳಗೆ ಇನ್ನೊಂದು ಬೀಗ, ಅದರೊಳಗೆ ಮಾರ್ಫಿನ್, ಆಕ್ಸಿಕೊಡೋನ್, ಲೊರಾಜೆಪಾಮ್. ಒಬ್ಬರು ಮಾತ್ರೆಯ ಹಾಳೆ ಎತ್ತಿ ಉಳಿದಿರುವುದೆಷ್ಟು ಎಂದು ಹೇಳುತ್ತಾರೆ, ಇನ್ನೊಬ್ಬರು ಪುಸ್ತಕ ನೋಡಿ ಹೌದೆನ್ನುತ್ತಾರೆ. ತಾಳೆಯಾದರೆ ಇಬ್ಬರ ಸಹಿ; ಆಮೇಲೆ ಕೀಲಿಕೈ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ. ಒಂದು ಮಾತ್ರೆ ಕಡಿಮೆ ಬಂದರೂ ಮನೆಗೆ ಹೊರಟವರು ಅಲ್ಲೇ ನಿಲ್ಲಬೇಕು. ಮನೆಯಲ್ಲಿ ಮಗು ಕಾಯುತ್ತಿದೆ, ಬಸ್ಸು ತಪ್ಪುತ್ತದೆ ಎಂದರೆ ಯಾರೂ ಕೇಳುವುದಿಲ್ಲ.

ಅಮೆರಿಕದ ನರ್ಸಿಂಗ್ ಹೋಮುಗಳಲ್ಲಿ ಪ್ರತಿ ಪಾಳಿಗೂ ನಡೆಯುವ ಕೆಲಸ ಇದು. ಅಲ್ಲಿಯ ನರ್ಸಿಂಗ್ ಹೋಮ್ ನಮ್ಮ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಹೆರಿಗೆಗೆ, ಹರ್ನಿಯಾ ಆಪರೇಷನ್ನಿಗೆ ಹೋಗುವ ಸಣ್ಣ ಆಸ್ಪತ್ರೆಯಲ್ಲ. ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಲಾಗದ ವೃದ್ಧರು, ಪಾರ್ಶ್ವವಾಯು ಹೊಡೆದವರು, ಮರೆವಿನ ಕಾಯಿಲೆಯವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ಅಂಥವು ಆ ದೇಶದಲ್ಲಿ ಸುಮಾರು 15 ಸಾವಿರ ಇವೆ. ಅವುಗಳಲ್ಲಿ ಇರುವವರು 12 ಲಕ್ಷಕ್ಕೂ ಹೆಚ್ಚು. ರಾತ್ರಿ ಹೊತ್ತು ಅಲ್ಲಿ ಡಾಕ್ಟರ್ ಇರುವುದಿಲ್ಲ, ಫೋನಿನಲ್ಲಿ ಸಿಗುತ್ತಾರೆ. ಆ ಕೀಲಿಕೈ ಇಟ್ಟುಕೊಂಡು ಬೆಳಗಿನವರೆಗೆ ಇಪ್ಪತ್ತೈದು ಮೂವತ್ತು ಜನರ, ಕೆಲವು ಕಡೆ ಇನ್ನೂ ಹೆಚ್ಚು ಜನರ ಉಸಿರಿಗೆ ಕಿವಿಗೊಟ್ಟಿರುವವರು ಹೆಚ್ಚಿನ ಕಡೆ ಎಲ್‌ಪಿಎನ್, ಅಂದರೆ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಇದೇ ಹುದ್ದೆಗೆ ಎಲ್‌ವಿಎನ್ ಎನ್ನುತ್ತಾರೆ.

ಅಮೆರಿಕದ ನರ್ಸಿಂಗ್‌ನಲ್ಲಿ ಮೂರು ಮೆಟ್ಟಿಲು. ಕೆಳಗೆ ಸಿಎನ್‌ಎ, ಅಂದರೆ ಸ್ನಾನ ಮಾಡಿಸುವ, ಬಟ್ಟೆ ಬದಲಿಸುವ, ಊಟ ತಿನ್ನಿಸುವ, ಮಗ್ಗುಲು ತಿರುಗಿಸುವ ಸಹಾಯಕಿ. ಆಕೆಗೆ ಕೇಂದ್ರ ಕಾನೂನು ಕೇಳುವುದು ಕನಿಷ್ಠ 75 ಗಂಟೆಗಳ ತರಬೇತಿ. ಮೇಲೆ ಆರ್‌ಎನ್, ರಿಜಿಸ್ಟರ್ಡ್ ನರ್ಸ್. ಎರಡು ವರ್ಷದ ಅಸೋಸಿಯೇಟ್ ಪದವಿ ಅಥವಾ ನಾಲ್ಕು ವರ್ಷದ ಬಿಎಸ್ಸಿ ಓದಿದವರು. ಎಲ್‌ಪಿಎನ್ ನಡುವಿನವಳು, ಓದು ಸುಮಾರು ಒಂದು ವರ್ಷ. ಸಿಎನ್‌ಎಗಿಂತ ಆಕೆ ಬೇರೆಯಾಗುವುದು ಲೈಸೆನ್ಸಿನಿಂದ: ಔಷಧ ಕೊಡಬಹುದು, ಇಂಜೆಕ್ಷನ್ ಚುಚ್ಚಬಹುದು, ಕ್ಯಾಥೆಟರ್ ಹಾಕಬಹುದು, ಹುಣ್ಣಿಗೆ ಡ್ರೆಸ್ಸಿಂಗ್ ಮಾಡಬಹುದು. ಆರ್‌ಎನ್‌ಗಿಂತ ಬೇರೆಯಾಗುವುದು ತೀರ್ಮಾನದ ಅಧಿಕಾರದಲ್ಲಿ. ಹೊಸದಾಗಿ ಬಂದ ರೋಗಿಯನ್ನು ಪೂರ್ತಿ ಪರೀಕ್ಷಿಸಿ ಆರೈಕೆಯ ಯೋಜನೆ ಬರೆಯುವುದು ಆರ್‌ಎನ್ ಕೆಲಸ. ಎಲ್‌ಪಿಎನ್ ಆ ಯೋಜನೆಗೆ ಬೇಕಾದ ಮಾಹಿತಿ ಕೊಡಬಹುದು, ಯೋಜನೆಯನ್ನು ನಡೆಸಬಹುದು. ರಕ್ತನಾಳಕ್ಕೆ ನೇರವಾಗಿ ಔಷಧ ತಳ್ಳುವುದು, ರಕ್ತ ಕೊಡುವುದು ಇಂಥವು ಹಲವು ರಾಜ್ಯಗಳಲ್ಲಿ ಆಕೆಗೆ ನಿಷಿದ್ಧ, ಕೆಲವು ಕಡೆ ಹೆಚ್ಚುವರಿ ತರಬೇತಿಯಿದ್ದರೆ ಸರಿ. ಪ್ರತಿ ರಾಜ್ಯಕ್ಕೂ ತನ್ನದೇ ನರ್ಸಿಂಗ್ ಕಾಯ್ದೆ, ತನ್ನದೇ ಮಂಡಳಿ. ನದಿ ದಾಟಿ ಪಕ್ಕದ ರಾಜ್ಯಕ್ಕೆ ಹೋದರೆ ನಿನ್ನೆ ಮಾಡಿದ ಕೆಲಸ ಇವತ್ತು ಅಪರಾಧವಾಗಬಹುದು.

ಕಾಗದದ ಮೇಲೆ ಇದು ಸ್ಪಷ್ಟವಾಗಿ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಹದಿನಾಲ್ಕನೇ ಕೋಣೆಯ ಅಜ್ಜಿ ಉಸಿರಿಗೆ ಕಷ್ಟಪಡುತ್ತಿದ್ದಾಳೆ ಎಂದು ಸಿಎನ್‌ಎ ಬಂದು ಹೇಳುತ್ತಾಳೆ. ಎಲ್‌ಪಿಎನ್ ಹೋಗಿ ನಾಡಿ, ಉಸಿರಾಟದ ವೇಗ, ಆಮ್ಲಜನಕದ ಪ್ರಮಾಣ ನೋಡುತ್ತಾಳೆ, ಶ್ವಾಸಕೋಶಕ್ಕೆ ಸ್ಟೆತಸ್ಕೋಪ್ ಇಡುತ್ತಾಳೆ, ಕಾಲಿನ ಬಾವು ಒತ್ತಿ ನೋಡುತ್ತಾಳೆ, ನಿನ್ನೆಗಿಂತ ತೂಕ ಹೆಚ್ಚಿದೆಯೇ ಎಂದು ಹಾಳೆ ತಿರುವುತ್ತಾಳೆ. ಹೃದಯ ಸೋಲುತ್ತಿದೆಯೋ, ನ್ಯುಮೋನಿಯಾವೋ, ಬರೀ ಗಾಬರಿಯೋ? ಕಾನೂನಿನ ಪ್ರಕಾರ ಆಕೆ ಇಲ್ಲಿ ಮಾಹಿತಿ ಕೂಡಿಸುತ್ತಿದ್ದಾಳೆ ಅಷ್ಟೆ. ಆದರೆ ಫೋನಿನ ಆ ತುದಿಯಲ್ಲಿ ನಿದ್ದೆಗಣ್ಣಿನಲ್ಲಿರುವ ಡಾಕ್ಟರಿಗೆ ಆ ಅಜ್ಜಿ ಕಾಣುವುದಿಲ್ಲ. ಎಲ್‌ಪಿಎನ್ ಏನು ಹೇಳಿದಳು, ಯಾವುದನ್ನು ಮೊದಲು ಹೇಳಿದಳು, ದನಿಯಲ್ಲಿ ಎಷ್ಟು ಅವಸರವಿತ್ತು ಎನ್ನುವುದರ ಮೇಲೆ ಆಂಬುಲೆನ್ಸ್ ಬರಬೇಕೋ ಬೇಡವೋ ನಿಂತಿರುತ್ತದೆ. ಅಷ್ಟು ಹೊತ್ತಿಗೆ ಮಾಡಬೇಕಾದ ತೀರ್ಮಾನವನ್ನು ಆಕೆ ಮಾಡಿ ಆಗಿರುತ್ತದೆ. ಯಾವ ದಾಖಲೆಯಲ್ಲೂ ಅದನ್ನು ಹಾಗೆಂದು ಬರೆಯುವಂತಿಲ್ಲ.

ಈ ಕಸುಬಿನ ಬಗ್ಗೆ ಓದುತ್ತ ಹೋದಷ್ಟೂ ನನಗೆ ಮತ್ತೆ ಮತ್ತೆ ಕಂಡದ್ದು ಇದೇ. ಅಧಿಕಾರ, ಸಂಬಳ, ಮರ್ಯಾದೆಯ ಮಾತು ಬಂದಾಗ ಎಲ್‌ಪಿಎನ್ ಕೆಳಗಿನವಳು. ಹೊಣೆಯ ಮಾತು ಬಂದ ಕೂಡಲೇ ಮೇಲಿನವಳು. ಈ ಹುದ್ದೆ ಹುಟ್ಟಿದ ಬಗೆಯಲ್ಲೇ ಅದರ ಬೀಜವಿದೆ.

1890ರ ದಶಕದಲ್ಲಿ ನ್ಯೂಯಾರ್ಕಿನ ವೈಡಬ್ಲ್ಯುಸಿಎ ಸಂಸ್ಥೆ ಬಡ ಹೆಂಗಸರಿಗೆಂದು ಮೂರು ತಿಂಗಳ ತರಬೇತಿ ಆರಂಭಿಸಿತು. ಬ್ಯಾಲಾರ್ಡ್ ಸ್ಕೂಲ್ ಎಂದು ಹೆಸರಾದ ಅಲ್ಲಿ ಕಲಿಸುತ್ತಿದ್ದುದು ಮನೆಯಲ್ಲೇ ಮಲಗಿರುವ ರೋಗಿಗಳ, ಹಸುಗೂಸುಗಳ, ಮುದುಕರ ಆರೈಕೆ. ಜೊತೆಗೆ ಪಥ್ಯದ ಅಡುಗೆ, ಶುಚಿತ್ವ. ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಯುವುದು ಎಲ್ಲರ ಕೈಲಾಗುವ ಮಾತಾಗಿರಲಿಲ್ಲ. ನಾಳೆಯೇ ದುಡಿದು ಮನೆ ನಡೆಸಬೇಕಾದವರಿಗೆ ಇದು ದಾರಿಯಾಯಿತು. 1907ರಲ್ಲಿ ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೊದಲ್ಲಿ ಥಾಮ್ಸನ್ ಶಾಲೆ ಬಂತು. 1914ರಲ್ಲಿ ಮಿಸಿಸಿಪ್ಪಿ ರಾಜ್ಯ ಪ್ರಾಕ್ಟಿಕಲ್ ನರ್ಸ್‌ಗಳಿಗೆ ಲೈಸೆನ್ಸ್ ಕೊಡುವ ಕಾನೂನು ಮಾಡಿದ ಮೊದಲ ರಾಜ್ಯವಾಯಿತು. ಲೈಸೆನ್ಸ್ ಇಲ್ಲದೆ ಯಾರೂ ಕೂಲಿಗೆ ನರ್ಸಿಂಗ್ ಮಾಡುವಂತಿಲ್ಲ ಎಂಬ ಕಡ್ಡಾಯದ ಕಾನೂನನ್ನು ನ್ಯೂಯಾರ್ಕ್ 1938ರಲ್ಲಿ ತಂದಿತು. ಅದು ಜಾರಿಗೆ ಬರುವ ಮೊದಲೇ ಎರಡನೇ ಮಹಾಯುದ್ಧ ಬಂತು.

ಯುದ್ಧವೇ ಈ ಹುದ್ದೆಯನ್ನು ದೊಡ್ಡದು ಮಾಡಿದ್ದು. ಆರ್‌ಎನ್‌ಗಳು ಸೈನ್ಯದ ಹಿಂದೆ ಹೋದರು. ಊರಿನ ಆಸ್ಪತ್ರೆಗಳಲ್ಲಿ ಹಾಸಿಗೆಗಳಿದ್ದವು, ನೋಡಿಕೊಳ್ಳುವವರಿರಲಿಲ್ಲ. ಅಲ್ಲಿಯವರೆಗೆ ಮನೆಮನೆಗೆ ಹೋಗುತ್ತಿದ್ದ ಪ್ರಾಕ್ಟಿಕಲ್ ನರ್ಸ್‌ಗಳು ವಾರ್ಡಿಗೆ ಬಂದರು. ಯುದ್ಧ ಮುಗಿದ ಮೇಲೂ ಕೊರತೆ ಮುಗಿಯಲಿಲ್ಲ. ಒಬ್ಬ ಆರ್‌ಎನ್, ಆಕೆಯ ಕೈಕೆಳಗೆ ಇಬ್ಬರು ಮೂವರು ಎಲ್‌ಪಿಎನ್ ಮತ್ತು ಸಹಾಯಕಿಯರು ಎಂಬ ತಂಡದ ಪದ್ಧತಿ 1950ರ ದಶಕದಲ್ಲಿ ಬೇರೂರಿತು. 1955ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಕಾನೂನು ಬಂದಿತ್ತು. ಬಿಳಿಯರ ನರ್ಸಿಂಗ್ ಶಾಲೆಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅನೇಕ ಕಪ್ಪು ಹೆಂಗಸರು ಈ ಒಂದು ವರ್ಷದ ಕೋರ್ಸಿನಿಂದಲೇ ಬಿಳಿ ಟೋಪಿ ಪಡೆದರು. ಇವತ್ತಿಗೂ ಆರ್‌ಎನ್‌ಗಳಿಗಿಂತ ಎಲ್‌ಪಿಎನ್‌ಗಳಲ್ಲಿ ಕಪ್ಪು ಜನರ ಪ್ರಮಾಣ ಸಾಕಷ್ಟು ಹೆಚ್ಚು.

ಬೇಕಾದಾಗ ಕರೆದವರೇ ಬೇಡವಾದಾಗ ಬಾಗಿಲು ತೋರಿಸಿದರು. 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಒಂದು ನಿಲುವಿನ ಪತ್ರ ಹೊರಡಿಸಿತು: ನರ್ಸಿಂಗ್ ಕಲಿಸುವುದು ಕಾಲೇಜುಗಳಲ್ಲೇ ಆಗಬೇಕು, ವೃತ್ತಿಪರ ನರ್ಸ್ ಆಗಲು ಪದವಿ ಬೇಕು, ತಾಂತ್ರಿಕ ನರ್ಸ್ ಆಗಲು ಎರಡು ವರ್ಷದ ಓದು ಬೇಕು. ಆ ನಕ್ಷೆಯಲ್ಲಿ ಒಂದು ವರ್ಷದವಳಿಗೆ ಜಾಗವೇ ಇರಲಿಲ್ಲ. ಅದು ಹಾಗೆಯೇ ಜಾರಿಗೆ ಬರಲಿಲ್ಲ ನಿಜ. ಉತ್ತರ ಡಕೋಟ ಒಂದೇ ರಾಜ್ಯ ಎಲ್‌ಪಿಎನ್‌ಗೂ ಅಸೋಸಿಯೇಟ್ ಪದವಿ ಬೇಕೆಂದು 1980ರ ದಶಕದಲ್ಲಿ ನಿಯಮ ಮಾಡಿ, 2003ರಲ್ಲಿ ಅದನ್ನು ಕೈಬಿಟ್ಟಿತು. ಆದರೆ ಆಸ್ಪತ್ರೆಗಳ ಮನಸ್ಸು ಬದಲಾಗಿತ್ತು. ಒಬ್ಬ ರೋಗಿಯ ಪೂರ್ತಿ ಆರೈಕೆಯನ್ನು ಒಬ್ಬ ಆರ್‌ಎನ್ ನೋಡಿಕೊಳ್ಳಬೇಕೆಂಬ ಪದ್ಧತಿ ಬಂತು, ರೋಗಿಗಳು ಬೇಗ ಮನೆಗೆ ಹೋಗತೊಡಗಿದ್ದರಿಂದ ವಾರ್ಡಿನಲ್ಲಿ ಉಳಿದವರು ತೀವ್ರ ಕಾಯಿಲೆಯವರೇ ಆದರು. 1980ರ ದಶಕದಿಂದೀಚೆಗೆ ಎಲ್‌ಪಿಎನ್‌ಗಳು ದೊಡ್ಡ ಆಸ್ಪತ್ರೆಗಳಿಂದ ಸರಿದು ನರ್ಸಿಂಗ್ ಹೋಮುಗಳ ಕಡೆ, ಮನೆಗಳ ಕಡೆ ಹೋದರು. ಆರ್‌ಎನ್‌ಗಳ ಕೊರತೆ ಬಿದ್ದಾಗಲೆಲ್ಲ ಆಸ್ಪತ್ರೆಗಳು ಮತ್ತೆ ಅವರನ್ನು ಕರೆಯುತ್ತವೆ; ಕೋವಿಡ್ ನಂತರವೂ ಕೆಲವು ಕಡೆ ತಂಡದ ಪದ್ಧತಿಯನ್ನು ಹೊಸ ಪ್ರಯೋಗ ಎಂಬಂತೆ ಮತ್ತೆ ತಂದರು. ಬ್ರಿಟನ್ನಿನ ಕಥೆಯೂ ಬೇರೆಯಲ್ಲ. ಅಲ್ಲಿ 1943ರ ಕಾಯ್ದೆಯಿಂದ ಬಂದಿದ್ದ ಎನ್‌ರೋಲ್ಡ್ ನರ್ಸ್ ಎಂಬ ಎರಡನೇ ದರ್ಜೆಯ ತರಬೇತಿಯನ್ನು ಶತಮಾನದ ಕೊನೆಯ ಹೊತ್ತಿಗೆ ನಿಲ್ಲಿಸಿದರು. 2019ರಿಂದ ಇಂಗ್ಲೆಂಡಿನಲ್ಲಿ ನರ್ಸಿಂಗ್ ಅಸೋಸಿಯೇಟ್ ಎಂಬ ಹೆಸರಿನ ನಡುವಿನ ಮೆಟ್ಟಿಲೊಂದು ನೋಂದಣಿ ಪುಸ್ತಕ ಸೇರಿದೆ. ಹಳೆಯ ಸೊಸೆಯನ್ನು ಹೊಸ ಹೆಸರಿಟ್ಟು ಮನೆತುಂಬಿಸಿಕೊಂಡ ಹಾಗೆ.

ನರ್ಸಿಂಗ್ ಹೋಮಿನಲ್ಲಿ ಎಲ್‌ಪಿಎನ್ ರಾತ್ರಿಯ ಯಜಮಾನಿಯಾದದ್ದಕ್ಕೆ ಒಂದು ಕಾನೂನು ಕಾರಣವಿದೆ. 1987ರ ಸುಧಾರಣಾ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರುವ ನರ್ಸ್ ಒಬ್ಬರು ಹಗಲು ರಾತ್ರಿ ಇರಬೇಕು, ಆರ್‌ಎನ್ ದಿನಕ್ಕೆ 8 ಗಂಟೆ ಇದ್ದರೆ ಸಾಕು. ಲೈಸೆನ್ಸ್ ಇರುವ ನರ್ಸ್ ಅಂದರೆ ಎಲ್‌ಪಿಎನ್ ಕೂಡ ಆಗುತ್ತದೆ. ಮಾಲೀಕರಿಗೆ ಲೆಕ್ಕ ಹಾಕಲು ಕಷ್ಟವಿಲ್ಲ: ಆರ್‌ಎನ್ ಹಗಲಿಗೆ, ಉಳಿದ 16 ಗಂಟೆ ಅಗ್ಗದ ಲೈಸೆನ್ಸಿಗೆ. 24 ಗಂಟೆಯೂ ಆರ್‌ಎನ್ ಇರಲೇಬೇಕೆಂದು ಬೈಡನ್ ಸರ್ಕಾರ 2024ರಲ್ಲಿ ನಿಯಮ ಹೊರಡಿಸಿತು. 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು.

ಹೊಣೆಯೊಂದು ತೂಕ, ಹಕ್ಕೊಂದು ತೂಕ ಎನ್ನುವುದನ್ನು ಇನ್ನೂ ಚೆನ್ನಾಗಿ ತೋರಿಸುವುದು 1994ರ ಸುಪ್ರೀಂ ಕೋರ್ಟ್ ತೀರ್ಪು. ಓಹಿಯೋ ರಾಜ್ಯದ ಅರ್ಬಾನಾ ಎಂಬ ಊರಿನ ನರ್ಸಿಂಗ್ ಹೋಮಿನಲ್ಲಿ ನಾಲ್ವರು ಎಲ್‌ಪಿಎನ್‌ಗಳು ಕೆಲಸದ ಪರಿಸ್ಥಿತಿಯ ಬಗ್ಗೆ ಮೇಲಿನವರಿಗೆ ದೂರು ಕೊಟ್ಟರು. ಆಮೇಲೆ ಅವರ ಮೇಲೆ ಶಿಸ್ತುಕ್ರಮವಾಯಿತು. ಅಮೆರಿಕದ ಕಾರ್ಮಿಕ ಕಾನೂನು ಕೂಲಿಗಾರರನ್ನು ರಕ್ಷಿಸುತ್ತದೆ, ಮೇಲ್ವಿಚಾರಕರನ್ನು ರಕ್ಷಿಸುವುದಿಲ್ಲ. ಈ ನರ್ಸ್‌ಗಳು ಸಹಾಯಕಿಯರಿಗೆ ಕೆಲಸ ಹಂಚುತ್ತಾರೆ, ಆದ್ದರಿಂದ ಅವರು ಮೇಲ್ವಿಚಾರಕರು, ರಕ್ಷಣೆ ಅವರಿಗಿಲ್ಲ ಎಂದು ಮಾಲೀಕರು ವಾದಿಸಿದರು. ಅವರು ಕೆಲಸ ಹಂಚುವುದು ರೋಗಿಯ ಹಿತಕ್ಕಾಗಿ, ಮಾಲೀಕನ ಹಿತಕ್ಕಾಗಿ ಅಲ್ಲ ಎಂಬುದು ಕಾರ್ಮಿಕ ಮಂಡಳಿಯ ವಾದ. ರೋಗಿಯ ಆರೈಕೆಯೇ ಮಾಲೀಕನ ವ್ಯವಹಾರವಾಗಿರುವಾಗ ಆ ಎರಡು ಹಿತಗಳನ್ನು ಬೇರೆ ಮಾಡಲು ಬರುವುದಿಲ್ಲ ಎಂದು ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಮಾಲೀಕರ ಪರವಾಗಿ ನಿಂತಿತು. ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೆ ಫಲ ನೋಡಿ: ಸ್ವಂತ ಬುದ್ಧಿಯಿಂದ ರೋಗಿಯ ಸ್ಥಿತಿಯನ್ನು ತೀರ್ಮಾನಿಸುವ ಅಧಿಕಾರ ನಿನಗಿಲ್ಲ ಎಂದು ಒಂದು ಕಾನೂನು ಹೇಳುತ್ತದೆ, ಸ್ವಂತ ಬುದ್ಧಿಯಿಂದ ಇತರರಿಂದ ಕೆಲಸ ಮಾಡಿಸುತ್ತೀಯ, ಆದ್ದರಿಂದ ನೀನು ಕಾರ್ಮಿಕಳೇ ಅಲ್ಲ ಎಂದು ಇನ್ನೊಂದು ಹೇಳುತ್ತದೆ. ಎರಡನ್ನೂ ಒಬ್ಬಳೇ ಹೆಂಗಸಿಗೆ ಹೇಳಲಾಯಿತು.

ಇಷ್ಟಾದರೂ ವರ್ಷ ವರ್ಷ ಸಾವಿರಾರು ಜನ ಈ ಕೋರ್ಸಿಗೆ ಸೇರುತ್ತಾರೆ. ಅವರಲ್ಲಿ ಬಹಳ ಮಂದಿ ಹದಿನೆಂಟರ ಹುಡುಗಿಯರಲ್ಲ. ನಾಲ್ಕಾರು ವರ್ಷ ಸಿಎನ್‌ಎ ಆಗಿ ಬೆನ್ನು ನೋಯಿಸಿಕೊಂಡವರು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ದುಡಿಯಲು ಹೊರಟ ತಾಯಂದಿರು, ಹೈಟಿ, ಫಿಲಿಪೀನ್ಸ್, ನೈಜೀರಿಯಾ ಮುಂತಾದ ಕಡೆಗಳಿಂದ ವಲಸೆ ಬಂದವರು. ಹೈಸ್ಕೂಲ್ ಮುಗಿಸಿರಬೇಕು ಇಲ್ಲವೇ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. ಅನೇಕ ಶಾಲೆಗಳಲ್ಲಿ ಪ್ರವೇಶ ಪರೀಕ್ಷೆ ಇರುತ್ತದೆ. ಅಪರಾಧದ ಹಿನ್ನೆಲೆ ತಪಾಸಣೆ, ಲಸಿಕೆಗಳ ದಾಖಲೆ, ಮಾದಕವಸ್ತು ಪರೀಕ್ಷೆ ಎಲ್ಲ ಇದ್ದದ್ದೇ. ಪಾಠ ಒಂದು ವರ್ಷದ್ದಾದರೂ ಬಿಡುವು ಕಡಿಮೆ. ಕ್ಯಾಲಿಫೋರ್ನಿಯಾ ಕೇಳುವುದು ಕನಿಷ್ಠ 1,530 ಗಂಟೆ, ಅದರಲ್ಲಿ 954 ಗಂಟೆ ರೋಗಿಗಳ ಬಳಿ. ಬೆಳಿಗ್ಗೆ ಆರೂವರೆಗೆ ನರ್ಸಿಂಗ್ ಹೋಮಿನಲ್ಲಿ ಹಾಜರಿ, ಮಧ್ಯಾಹ್ನ ತರಗತಿ, ಸಂಜೆ ಮನೆ, ರಾತ್ರಿ ಔಷಧಶಾಸ್ತ್ರ. ಬಹಳ ಜನ ಎಡವುವುದು ಔಷಧದ ಪ್ರಮಾಣದ ಲೆಕ್ಕದಲ್ಲಿ. ಶಾಲೆ ಬಿಟ್ಟು ಹದಿನೈದು ವರ್ಷವಾದವರಿಗೆ ತ್ರೈರಾಶಿ ಮತ್ತೆ ಕಲಿಯುವುದು ಸೂಜಿ ಚುಚ್ಚುವುದಕ್ಕಿಂತ ಕಷ್ಟ. ಅನೇಕ ಶಾಲೆಗಳಲ್ಲಿ ಆ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಬರದಿದ್ದರೆ ರೋಗಿಗಳ ಬಳಿಗೇ ಬಿಡುವುದಿಲ್ಲ. ಅದು ಸರಿಯೇ, ಇನ್ಸುಲಿನ್‌ನಲ್ಲಿ ದಶಮಾಂಶ ತಪ್ಪಿದರೆ ಮರುಪರೀಕ್ಷೆ ಇರುವುದಿಲ್ಲ.

ಕೋರ್ಸಿನ ಕೊನೆಗೆ ಎನ್‌ಕ್ಲೆಕ್ಸ್-ಪಿಎನ್ ಎಂಬ ಪರೀಕ್ಷೆ, ಶುಲ್ಕ 200 ಡಾಲರ್. ಇದನ್ನು ನಡೆಸುವುದು ರಾಜ್ಯಗಳ ನರ್ಸಿಂಗ್ ಮಂಡಳಿಗಳ ಒಕ್ಕೂಟ. 1994ರಿಂದ ಇದು ಕಂಪ್ಯೂಟರಿನಲ್ಲಿ ನಡೆಯುತ್ತದೆ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವುದಿಲ್ಲ. ಸರಿಯಾಗಿ ಉತ್ತರಿಸಿದರೆ ಮುಂದಿನದು ಕಷ್ಟವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಅಭ್ಯರ್ಥಿ ಗೆರೆಯ ಮೇಲಿದ್ದಾರೋ ಕೆಳಗಿದ್ದಾರೋ ಎಂದು ಯಂತ್ರಕ್ಕೆ ಶೇ 95ರಷ್ಟು ಖಾತ್ರಿಯಾದ ಕ್ಷಣ ಪರೀಕ್ಷೆ ನಿಂತುಬಿಡುತ್ತದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಸಮಯ 5 ಗಂಟೆ. 85ಕ್ಕೇ ಪರದೆ ನಿಂತರೆ ಪಾಸೋ ಫೇಲೋ ಎಂದು ಕಾರಿನಲ್ಲಿ ಕೂತು ಅಳುವವರ ಕಥೆಗಳು ಅಲ್ಲಿಯ ನರ್ಸ್‌ಗಳ ನಡುವೆ ಎಷ್ಟೋ ಇವೆ. ಅಮೆರಿಕದಲ್ಲೇ ಓದಿ ಮೊದಲ ಸಲ ಬರೆಯುವವರಲ್ಲಿ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನ ಪಾಸಾಗುತ್ತಿದ್ದಾರೆ.

ಪಾಸಾದವರಿಗೆ ಕೆಲಸ ಸಿಗುವುದು ಕಷ್ಟವಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ ಸುಮಾರು ಆರೂವರೆ ಲಕ್ಷ ಎಲ್‌ಪಿಎನ್ ಹುದ್ದೆಗಳಿವೆ. 2024ರ ಮೇ ತಿಂಗಳಲ್ಲಿ ಅವರ ನಡುಮಟ್ಟದ ವಾರ್ಷಿಕ ಸಂಬಳ 62,340 ಡಾಲರ್, ಗಂಟೆಗೆ ಸುಮಾರು 30. ಅದೇ ವರ್ಷ ಆರ್‌ಎನ್‌ಗೆ 93,600, ಸಹಾಯಕಿಗೆ 40 ಸಾವಿರಕ್ಕೆ ಸ್ವಲ್ಪ ಕಡಿಮೆ. ಕೆಳಗಿನಿಂದ ನೋಡಿದರೆ ಒಂದು ವರ್ಷದ ಓದಿಗೆ ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರಿಗೂ ಮೀರಿದ ಏರಿಕೆ, ಒಳ್ಳೆಯ ವ್ಯಾಪಾರ. ಮೇಲಿನಿಂದ ನೋಡಿದರೆ ಇನ್ನೊಂದು ವರ್ಷ ಓದದೆ ಮೂವತ್ತು ಸಾವಿರ ಬಿಟ್ಟುಕೊಟ್ಟಂತೆ.

ಬೇರೆಲ್ಲ ಕಡೆಗಿಂತ ಹೆಚ್ಚು ಹುದ್ದೆಗಳಿರುವುದು ನರ್ಸಿಂಗ್ ಹೋಮುಗಳಲ್ಲಿ. ಅಲ್ಲಿ ದಿನದ ದೊಡ್ಡ ಕೆಲಸ ‘ಮೆಡ್ ಪಾಸ್’, ಅಂದರೆ ಔಷಧ ಹಂಚುವ ಸುತ್ತು. ಒಬ್ಬೊಬ್ಬರಿಗೆ ಎಂಟು ಹತ್ತು ಔಷಧಗಳಿರುವುದು ಅಪರೂಪವಲ್ಲ. ನುಂಗಲಾರದವರಿಗೆ ಪುಡಿಮಾಡಿ ಆಪಲ್‌ಸಾಸ್‌ನಲ್ಲಿ ಕಲಸಿ ಚಮಚದಲ್ಲಿ ಕೊಡಬೇಕು. ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಪುಡಿಮಾಡಿದರೆ ದಿನದ ಔಷಧವೆಲ್ಲ ಒಂದೇ ಸಲ ರಕ್ತಕ್ಕೆ ಸೇರೀತು, ಅದನ್ನು ನೆನಪಿಡಬೇಕು. ಬಿಪಿ ಮಾತ್ರೆಗೆ ಮೊದಲು ನಾಡಿ ನೋಡಬೇಕು, ಇನ್ಸುಲಿನ್‌ಗೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಎಲ್ಲರದೂ ಗೊತ್ತಾದ ಸಮಯದ ಅಂತರದಲ್ಲೇ ಮುಗಿಯಬೇಕು. ನಡುವೆ ಯಾರೋ ಬಿದ್ದರು, ಯಾರದೋ ಮಗಳು ಫೋನ್ ಮಾಡಿದಳು, ಯಾರೋ ನನಗೆ ಬೇಡ ಎಂದು ಬಾಯಿ ಮುಚ್ಚಿಕೊಂಡರು. ತರಗತಿಯಲ್ಲಿ ಕಲಿತ ಕ್ರಮದಲ್ಲೇ ಪ್ರತಿ ಹೆಜ್ಜೆಯನ್ನೂ ಮಾಡಿದರೆ ಬೆಳಗಿನ ಸುತ್ತು ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಸುತ್ತು ಶುರುವಾಗಿರುತ್ತದೆ. ಕೋವಿಡ್ ಮೊದಲ ಅಲೆಯಲ್ಲಿ, 2020ರ ಆರಂಭದಲ್ಲಿ, ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಎಂಬ ಊರಿನ ನರ್ಸಿಂಗ್ ಹೋಮಿನಿಂದಲೇ ಸಾವಿನ ಸುದ್ದಿ ದೇಶಕ್ಕೆಲ್ಲ ಹಬ್ಬಿದ್ದು. ಮುಂದಿನ ವರ್ಷಗಳಲ್ಲಿ ಇಂಥ ಜಾಗಗಳಲ್ಲಿ ಸತ್ತವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅಲ್ಲಿಂದ ಓಡಿಹೋದ ನರ್ಸ್‌ಗಳನ್ನು ದೂರುವ ಮನಸ್ಸು ನನಗಿಲ್ಲ.

ನನ್ನ ಮಟ್ಟಿಗೆ ಈ ಕಸುಬಿನ ಅತ್ಯಂತ ಗೌರವದ ಮೂಲೆ ಬೇರೊಂದಿದೆ, ಅದರ ಬಗ್ಗೆ ಮಾತು ಕಡಿಮೆ. ಗಂಟಲಿನಲ್ಲಿ ತೂತು ಮಾಡಿ ನಳಿಕೆ ಇಟ್ಟ, ರಾತ್ರಿ ವೆಂಟಿಲೇಟರ್ ಮೇಲೆ ಉಸಿರಾಡುವ ಮಕ್ಕಳು ಅಮೆರಿಕದಲ್ಲಿ ಆಸ್ಪತ್ರೆಯಲ್ಲಿರದೆ ಮನೆಯಲ್ಲೇ ಬೆಳೆಯುತ್ತಾರೆ. ತಂದೆತಾಯಿ ಮಲಗಬೇಕಾದರೆ ಯಾರಾದರೂ ಎಚ್ಚರವಿರಬೇಕು. ಆ ಎಚ್ಚರಕ್ಕೆ ಸರ್ಕಾರದ ಮೆಡಿಕೇಡ್ ಯೋಜನೆ ಹಣ ಕೊಡುತ್ತದೆ, ಬರುವವರು ಬಹುಪಾಲು ಎಲ್‌ಪಿಎನ್‌ಗಳು. ಒಬ್ಬ ರೋಗಿ, ಒಬ್ಬ ನರ್ಸ್, ಎಂಟೋ ಹನ್ನೆರಡೋ ಗಂಟೆ. ಕಫ ತೆಗೆಯುವುದು, ಹೊಟ್ಟೆಯ ನಳಿಕೆಯಿಂದ ಆಹಾರ ಕೊಡುವುದು, ಅಲಾರಂ ಕೂಗಿದರೆ ನಳಿಕೆ ಜಾರಿತೋ ಕಫ ಕಟ್ಟಿತೋ ಎಂದು ಕ್ಷಣದಲ್ಲಿ ಗೊತ್ತುಮಾಡಿಕೊಳ್ಳುವುದು. ನರ್ಸಿಂಗ್ ಹೋಮಿನಲ್ಲಿ ಮೂವತ್ತು ಜನರ ನಡುವೆ ಹಂಚಿಹೋಗುವ ಗಮನ ಇಲ್ಲಿ ಒಂದೇ ಮಗುವಿನ ಮೇಲಿರುತ್ತದೆ. ವರ್ಷಗಟ್ಟಲೆ ಅದೇ ಮನೆಗೆ ಹೋಗುವವರಿದ್ದಾರೆ. ಸಂಬಳ ನರ್ಸಿಂಗ್ ಹೋಮಿಗಿಂತ ಕಡಿಮೆಯೇ ಇರುವುದುಂಟು. ಜೈಲು, ಡಯಾಲಿಸಿಸ್ ಕೇಂದ್ರ, ಶಾಲೆ, ಡಾಕ್ಟರ್ ಕ್ಲಿನಿಕ್ ಇವೂ ಇವೆ. ಕ್ಲಿನಿಕ್ಕಿನಲ್ಲಿ ರಾತ್ರಿ ಪಾಳಿಯಿಲ್ಲ, ಅದಕ್ಕೇ ಅಲ್ಲಿಗೆ ಸಾಲು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಾವುದು? ಎಎನ್‌ಎಂ ಎನ್ನುತ್ತಾರೆ, ಅರ್ಧ ನಿಜ. ಪಿಯುಸಿ ನಂತರ ಎರಡು ವರ್ಷ ಓದುವ ನಮ್ಮ ಎಎನ್‌ಎಂ ಹಾಸಿಗೆಯ ಪಕ್ಕದ ನರ್ಸ್ ಅಲ್ಲ, ಊರಿನ ನರ್ಸಮ್ಮ. ಬಯಲುಸೀಮೆಯಲ್ಲಿ 5 ಸಾವಿರ, ಮಲೆನಾಡು ಮತ್ತು ಆದಿವಾಸಿ ಪ್ರದೇಶಗಳಲ್ಲಿ 3 ಸಾವಿರ ಜನಕ್ಕೊಂದು ಉಪಕೇಂದ್ರ ಎಂಬ ಲೆಕ್ಕದಲ್ಲಿ, ಬಸುರಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ಜ್ವರದ ಸರ್ವೆ ಎಲ್ಲವನ್ನೂ ಹೊತ್ತು ನಡೆಯುವವಳು. ಮೇಲಿನವರು ದೂರದ ಪಿಎಚ್‌ಸಿಯಲ್ಲಿದ್ದಾರೆ, ಆದ್ದರಿಂದ ಎದುರಿಗಿದ್ದದ್ದಕ್ಕೆ ಆಕೆ ತಾನೇ ತೀರ್ಮಾನ ಮಾಡುತ್ತಾಳೆ. ಓದಿನ ಏಣಿಯಲ್ಲಿ ಎಲ್‌ಪಿಎನ್‌ಗೆ ಸಮೀಪ, ಕೆಲಸದ ಸ್ವಾತಂತ್ರ್ಯದಲ್ಲಿ ಆಕೆಗಿಂತ ಮುಂದೆ. ಮೂರು ವರ್ಷದ ಜಿಎನ್‌ಎಂ ಮಾಡಿದವರಂತೂ ನಮ್ಮ ಕಾನೂನಿನಲ್ಲಿ ಪೂರ್ಣ ರಿಜಿಸ್ಟರ್ಡ್ ನರ್ಸ್.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿ ಓದಿದವರ ಕಣ್ಣು ವಿದೇಶದ ಮೇಲಿರುವುದು ಸಹಜ. ಬಿಎಸ್ಸಿ ಅಥವಾ ಜಿಎನ್‌ಎಂ ಮಾಡಿದವರು ಅಮೆರಿಕಕ್ಕೆ ಹೋಗುವುದಾದರೆ ಗುರಿ ಇಡಬೇಕಾದದ್ದು ಆರ್‌ಎನ್ ಪರೀಕ್ಷೆಗೆ; ಅದನ್ನು ಬೆಂಗಳೂರಿನಲ್ಲೇ ಬರೆಯಬಹುದು. ಮೊದಲು ಎಲ್‌ಪಿಎನ್ ಆಗಿ ಹೋಗಿ, ಆಮೇಲೆ ನೋಡೋಣ ಎಂದು ಯಾರಾದರೂ ಏಜೆಂಟರು ಹೇಳಿದರೆ ಅವರಿಗೆ ಒಂದು ಪ್ರಶ್ನೆ ಕೇಳಿ: ಯಾವ ವೀಸಾದಲ್ಲಿ? ಕೊರತೆಯ ಹುದ್ದೆ ಎಂದು ಮೊದಲೇ ಒಪ್ಪಿಕೊಂಡಿರುವ ಅಮೆರಿಕದ ‘ಶೆಡ್ಯೂಲ್ ಎ’ ಪಟ್ಟಿಯಲ್ಲಿ ಆರ್‌ಎನ್ ಇದ್ದಾರೆ, ಎಲ್‌ಪಿಎನ್ ಇಲ್ಲ. ಎಚ್-1ಬಿ ಕೇಳುವುದು ಪದವಿ ಬೇಕಾಗುವ ಹುದ್ದೆಯನ್ನು. ಇದು ಆ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ದಾರಿಯಲ್ಲಿ ಸ್ಥಳೀಯರು ಸಿಗಲಿಲ್ಲ ಎಂದು ಕೆಲಸ ಕೊಡುವವರು ಸಾಬೀತು ಮಾಡಬೇಕು, ಅದಾದ ಮೇಲೆ ಭಾರತೀಯರ ಸಾಲು ಹತ್ತು ವರ್ಷ ಮೀರಿದ್ದು.

ಕೆನಡಾದ ಸಂಗತಿ ಬೇರೆ, ಸ್ವಲ್ಪ ನೋವಿನದು. ಅಲ್ಲಿ ಪ್ರಾಕ್ಟಿಕಲ್ ನರ್ಸ್ ಓದು ಸಾಮಾನ್ಯವಾಗಿ ಎರಡು ವರ್ಷದ ಡಿಪ್ಲೊಮಾ. ಒಂಟಾರಿಯೊದಲ್ಲಿ ಅವರಿಗೆ ಆರ್‌ಪಿಎನ್ ಎಂದು ಹೆಸರು. 2022ರಿಂದ ಒಂಟಾರಿಯೊ ಮತ್ತು ಬ್ರಿಟಿಷ್ ಕೊಲಂಬಿಯಾದಲ್ಲಿ ರೆಕ್ಸ್-ಪಿಎನ್ ಎಂಬ ಪರೀಕ್ಷೆ ಇದೆ. ಹೊರದೇಶದ ನರ್ಸ್‌ಗಳ ಅಂಕಪಟ್ಟಿಗಳನ್ನು ಅಳೆದು ನೋಡುವಾಗ ಭಾರತದ ಜಿಎನ್‌ಎಂ ಪಡೆದ ಹಲವರಿಗೆ ಆರ್‌ಎನ್ ಬದಲು ಈ ದರ್ಜೆಯೇ ಸಿಕ್ಕಿದೆ. ಇಲ್ಲಿ ಐಸಿಯು ನಡೆಸಿದವರು ಅಲ್ಲಿ ಎರಡನೇ ಮೆಟ್ಟಿಲಿನಿಂದ ಶುರು ಮಾಡುತ್ತಾರೆ. ಹಾಗೆ ಹೋದವರು ಅದನ್ನು ಅವಮಾನವೆಂದು ಹೇಳಿಕೊಳ್ಳುವುದಕ್ಕಿಂತ ಬಾಡಿಗೆ ಕಟ್ಟಲು ಆಗುವ ಕೆಲಸ ಎಂದು ಹೇಳುವುದೇ ಹೆಚ್ಚು.

ಅಮೆರಿಕದಲ್ಲಿ ಈ ಕೋರ್ಸು ನಿಜಕ್ಕೂ ಹೊಂದುವ ಕನ್ನಡಿಗರು ಈಗಾಗಲೇ ಅಲ್ಲಿ ನೆಲೆಸಿರುವವರು. ಗಂಡನ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಎಚ್-4 ವೀಸಾದಲ್ಲಿ ಹೋದ ಹೆಂಗಸರು ಓದಲು ಅಡ್ಡಿಯಿಲ್ಲ, ದುಡಿಯಲು ಬೇರೆ ಪರವಾನಗಿ ಬೇಕು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಆ ಪರವಾನಗಿ ಸಿಗುವ ನಿಯಮ 2015ರಿಂದ ಇದೆ. ಬಿಕಾಂ, ಬಿಎ ಮಾಡಿ ಹೋಗಿ ಮಕ್ಕಳನ್ನು ಬೆಳೆಸಿ ನಲವತ್ತು ದಾಟಿದವರಿಗೆ ನಾಲ್ಕು ವರ್ಷ ಓದುವ ತಾಳ್ಮೆ ಇರದಿದ್ದಾಗ ಊರಿನ ಕಮ್ಯುನಿಟಿ ಕಾಲೇಜಿನ ಒಂದು ವರ್ಷ ಹಿಡಿಸುತ್ತದೆ. ಮಲ ಮೂತ್ರದ ಕೆಲಸ ಎಂದು ನೆಂಟರು ಮೂಗು ಮುರಿಯುವುದು ನಿಂತಿಲ್ಲ. ಅದೇ ನೆಂಟರು ತಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆದಾಗ ಮೊದಲು ಫೋನ್ ಮಾಡುವುದು ಆಕೆಗೇ.

ಸೇರಿದವರೆಲ್ಲರ ಬಾಯಲ್ಲೂ ಒಂದು ಮಾತಿರುತ್ತದೆ: ಎರಡು ವರ್ಷ ದುಡಿದು ಆರ್‌ಎನ್ ಮಾಡುತ್ತೇನೆ. ಇದಕ್ಕೆಂದೇ ಸೇತುವೆ ಕೋರ್ಸುಗಳಿವೆ, ಎಲ್‌ಪಿಎನ್‌ಗೆ ಮೊದಲ ಭಾಗ ಮಾಫಿ ಮಾಡಿ ಒಂದೂಕಾಲು ಒಂದೂವರೆ ವರ್ಷದಲ್ಲಿ ಮುಗಿಸುವಂಥವು. ಆದರೆ ಸೀಟು ಕಡಿಮೆ, ಪಾಳಿಗಳ ನಡುವೆ ಓದಬೇಕು, ಮನೆಯ ಕಂತು ನಿಲ್ಲುವುದಿಲ್ಲ. ಈ ಆಸೆಯ ಮೇಲೆ ನಡೆದ ದೊಡ್ಡ ಮೋಸ 2023ರ ಜನವರಿಯಲ್ಲಿ ಬಯಲಾಯಿತು. ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ಖೊಟ್ಟಿ ಡಿಪ್ಲೊಮಾಗಳು ಮಾರಾಟವಾಗಿದ್ದವು. 25 ಜನರ ಮೇಲೆ ಮೊಕದ್ದಮೆ ಹೂಡಿದರು. ಕೊಂಡವರಲ್ಲಿ ಮೇಲಿನ ಮೆಟ್ಟಿಲು ಬೇಕಾಗಿದ್ದ ಎಲ್‌ಪಿಎನ್‌ಗಳೂ ಇದ್ದರು. ಆ ಕಾಗದ ಹಿಡಿದು ಎನ್‌ಕ್ಲೆಕ್ಸ್‌ಗೆ ಕೂತವರಲ್ಲಿ ಸುಮಾರು 2,400 ಜನ ಪಾಸಾಗಿಬಿಟ್ಟಿದ್ದರು. ಪರೀಕ್ಷೆ ಸಡಿಲವಿತ್ತೆಂದು ಕೆಲವರು ಬೈದರು. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದವರಿಗೆ ಅಷ್ಟು ತಿಳಿದಿದ್ದರೆ ಆಶ್ಚರ್ಯವೇನು ಎಂಬುದು ನನ್ನ ಅನಿಸಿಕೆ, ಮೋಸವನ್ನು ಸಮರ್ಥಿಸುವ ಇರಾದೆಯಿಲ್ಲ.

ಆದ್ದರಿಂದ ಶಾಲೆ ಆರಿಸುವಾಗ ಕಟ್ಟಡ, ಜಾಹೀರಾತು ನೋಡಿ ಮರುಳಾಗದೆ ಎರಡು ವಿಚಾರ ತಿಳಿದುಕೊಳ್ಳಬೇಕು. ಮೊದಲನೆಯದು, ರಾಜ್ಯದ ನರ್ಸಿಂಗ್ ಮಂಡಳಿ ಆ ಶಾಲೆಗೆ ಮಾನ್ಯತೆ ಕೊಟ್ಟಿದೆಯೇ, ಅದರ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಪಾಸಾಗಿದ್ದಾರೆ? ಅದನ್ನು ಅನೇಕ ಮಂಡಳಿಗಳು ತಾವೇ ಪ್ರಕಟಿಸುತ್ತವೆ. ಎರಡನೆಯದು ಕ್ರೆಡಿಟ್‌ಗಳ ವಿಚಾರ; ಅದನ್ನು ಶಾಲೆಯಲ್ಲಿ ಕೇಳಿದರೆ ಪ್ರಯೋಜನವಿಲ್ಲ, ಮುಂದೆ ಆರ್‌ಎನ್ ಓದಬೇಕೆಂದಿರುವ ಕಾಲೇಜನ್ನು ಕೇಳಬೇಕು: ಇಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ನೀವು ಒಪ್ಪುತ್ತೀರಾ? ಕಮ್ಯುನಿಟಿ ಕಾಲೇಜಿನ ಹಲವು ಪಟ್ಟು ಶುಲ್ಕ ಕಟ್ಟಿಸಿಕೊಳ್ಳುವ ಖಾಸಗಿ ಶಾಲೆಗಳ ಕ್ರೆಡಿಟ್‌ಗಳನ್ನು ಎಷ್ಟೋ ಕಾಲೇಜುಗಳು ಒಪ್ಪುವುದಿಲ್ಲ. ಕೆಲಸಕ್ಕೆ ಸೇರಿ ಐದು ವರ್ಷ ಕಳೆದ ಮೇಲೆ ಅದು ಗೊತ್ತಾದರೆ, ಸಾಲ ಇನ್ನೂ ತೀರಿರುವುದಿಲ್ಲ, ಅನಾಟಮಿ ಮಾತ್ರ ಮತ್ತೆ ಮೊದಲನೇ ಪಾಠದಿಂದ.